ನೂರು ದಿನದ ಹಡಗಿನ ಊಟ, ಏಳು ದಿನದ ಊಟವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಐಷಾರಾಮಿ ಕ್ರೂಸ್ ಯಾನದ ಲೇಖನವನ್ನು ಓದಿದೆ. ಬಫೆಯಲ್ಲಿ ಎಷ್ಟು ಬಗೆಯ ಖಾದ್ಯಗಳಿದ್ದವು, ಸಿಹಿತಿಂಡಿಗಳ ಮೇಜು ಎಷ್ಟು ಉದ್ದವಿತ್ತು, ಮಧ್ಯರಾತ್ರಿಯಲ್ಲೂ ಪಿಜ್ಜಾ ಹೇಗೆ ಸಿಗುತ್ತಿತ್ತು ಎಂಬ ವಿವರಗಳಿಗೆ ಮುಕ್ಕಾಲು ಪುಟ ಮೀಸಲಾಗಿದ್ದು, ಕೊನೆಯಲ್ಲಿ, ನಿವೃತ್ತರಾದವರು ಇದೇ ಸುಖವನ್ನು ಮೂರು ನಾಲ್ಕು ತಿಂಗಳು ಸವಿಯಬಹುದಾದ ವಿಶ್ವಯಾನಗಳೂ ಇವೆ ಎಂಬ ಒಂದು ಸಾಲಿನ ಸಲಹೆಯನ್ನು ಕೊಡಲಾಗಿದೆ. ಆ ಒಂದು ಸಾಲೇ ಈ ಪತ್ರಕ್ಕೆ ಕಾರಣ. ಪ್ರಯಾಣಿಕರ ಹಡಗುಗಳ ಡೈನಿಂಗ್ ರೂಮಿನಲ್ಲಿ ಅಸಿಸ್ಟೆಂಟ್ ವೇಟರ್ ಆಗಿ ಸೇರಿ, ಹೆಡ್ ವೇಟರ್ ಆಗಿ ನಿವೃತ್ತನಾಗಿ, ಈಗ ಮೂಲ್ಕಿಯಲ್ಲಿ ನೆಲೆಸಿರುವ ನಾನು ಎರಡೂ ಬಗೆಯ ಯಾನಗಳಲ್ಲಿ ಬಡಿಸಿದ್ದೇನೆ. ಏಳು ದಿನದ ಸುತ್ತಾಟವನ್ನು ಹದಿನೈದು ಪಟ್ಟು ಹಿಗ್ಗಿಸಿದರೆ ವಿಶ್ವಯಾನವಾಗುವುದಿಲ್ಲ. ಎರಡರ ಊಟವೂ ಬೇರೆ, ದಿನಚರಿಯೂ ಬೇರೆ. ಈ ವ್ಯತ್ಯಾಸ ತಿಳಿಯದೆ ಉಳಿತಾಯದ ಹಣವನ್ನೆಲ್ಲ ಅದಕ್ಕೆ ಸುರಿಯುವವರು ಹಡಗು ಏರಿದ ಮೂರನೇ ವಾರಕ್ಕೇ ಕಂಗಾಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭೂಮಿಯನ್ನು ಒಂದು ಸುತ್ತು ಹಾಕಿ ಬರುವ ವಿಹಾರಯಾನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕ್ಯುನಾರ್ಡ್ ಕಂಪನಿಯ ಲಕೋನಿಯಾ ಹಡಗಿನಿಂದ ಆರಂಭಿಸುತ್ತಾರೆ. ಅದು 1922ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಹೊರಟು 1923ರಲ್ಲಿ ಹಿಂದಿರುಗಿತು. ಇಂದು ಅದೇ ಕಂಪನಿಯ ಕ್ವೀನ್ ಮೇರಿ 2 ಎಂಬ ಹಡಗು ಸಾಮಾನ್ಯವಾಗಿ ಜನವರಿಯಲ್ಲಿ ಹೊರಟು ಏಪ್ರಿಲ್ ಹೊತ್ತಿಗೆ ಮರಳುವಂತೆ ಇಂಥ ಯಾನವನ್ನು ಮಾಡುತ್ತದೆ. 2004ರಲ್ಲಿ ಸೇವೆಗೆ ಇಳಿದ, 345 ಮೀಟರ್ ಉದ್ದದ ಆ ಹಡಗಿನಲ್ಲಿ ಸುಮಾರು 2,700 ಪ್ರಯಾಣಿಕರಿಗೆ ಜಾಗವಿದ್ದು, ಅವರನ್ನು ನೋಡಿಕೊಳ್ಳಲು 1,200ಕ್ಕೂ ಹೆಚ್ಚು ಸಿಬ್ಬಂದಿ ಇರುತ್ತಾರೆ. ಇಡೀ ಸುತ್ತಿಗೆ ಟಿಕೆಟ್ ತೆಗೆದುಕೊಂಡವರು ಅವರಲ್ಲಿ ಒಂದು ಪಾಲು ಮಾತ್ರ. ಉಳಿದವರು ಒಂದು ಬಂದರಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದುಹೋಗುವವರು. ಹೀಗಾಗಿ ಒಂದೇ ಹಡಗಿನಲ್ಲಿ ಎರಡು ಬಗೆಯ ಜನ ಒಟ್ಟಿಗೆ ಉಣ್ಣುತ್ತಾರೆ: ಕೊಟ್ಟ ಹಣವನ್ನು ತಿಂದೇ ತೀರಿಸಬೇಕೆಂದು ಬಂದವರು ಕೆಲವರಾದರೆ, ಮೂರು ತಿಂಗಳ ಮಟ್ಟಿಗೆ ಹಡಗಿನಲ್ಲೇ ಸಂಸಾರ ಹೂಡಿದವರು ಇನ್ನು ಕೆಲವರು. ಯಾರು ಯಾವ ಗುಂಪಿನವರೆಂದು ತಿಳಿಯಲು ವೇಟರಿಗೆ ಅವರ ಟಿಕೆಟ್ ನೋಡಬೇಕಾಗಿಲ್ಲ, ಅವರು ಹೇಳುವ ಆರ್ಡರ್ ಸಾಕು.

ಮೊದಲ ವಾರದಲ್ಲಿ ಎಲ್ಲರೂ ಒಂದೇ. ಸೂಪು, ಸಲಾಡು, ಮೀನು, ಮಾಂಸ, ಸಿಹಿ, ಚೀಸ್ ಎಂದು ಮೆನುವಿನಲ್ಲಿ ಇರುವುದೆಲ್ಲವೂ ಮೇಜಿಗೆ ಬರಬೇಕು, ಎರಡು ಬಗೆಯ ಸಿಹಿಯಲ್ಲಿ ಯಾವುದು ಎಂದು ಕೇಳಿದರೆ ಎರಡೂ ಎನ್ನುತ್ತಾರೆ. ಎರಡನೇ ವಾರಕ್ಕೆ ಪ್ಯಾಂಟಿನ ಸೊಂಟ ಬಿಗಿಯಾಗತೊಡಗುತ್ತದೆ. ಮೂರನೇ ವಾರದಲ್ಲಿ ಸೂಪು ಮತ್ತು ಅರ್ಧ ಪಾಲು ಮೀನು. ಆಮೇಲೆ ಬೇಯಿಸಿದ ಆಲೂಗಡ್ಡೆ, ಬೆಣ್ಣೆ ಸವರಿದ ಟೋಸ್ಟ್, ಒಂದು ಆಮ್ಲೆಟ್ ಹೀಗೆ ತಮ್ಮ ತಮ್ಮ ಮನೆಯಲ್ಲಿ ಉಣ್ಣುತ್ತಿದ್ದುದನ್ನೇ ಕೇಳತೊಡಗುತ್ತಾರೆ. ಮೆನು ಎಷ್ಟೇ ಉದ್ದವಾಗಿದ್ದರೂ ಅದು ಒಂದು ಸುತ್ತು ಮುಗಿಸಿ ಮತ್ತೆ ಬರುತ್ತದೆಂಬುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತದೆ. ಇದಕ್ಕೆ ಅಡುಗೆಯವರನ್ನು ದೂರುವಂತಿಲ್ಲ. ಸಾವಿರಾರು ಮಂದಿಗೆ ಒಪ್ಪುವಂತೆ ಮಾಡಿದ ಅಡುಗೆಯಲ್ಲಿ ಖಾರ, ಹುಳಿ, ಒಗ್ಗರಣೆ ಎಲ್ಲವೂ ಒಂದು ಹದಕ್ಕೆ ಇಳಿದಿರುತ್ತವೆ. ಅಂಥದನ್ನು ದಿನಕ್ಕೆ ಮೂರು ಹೊತ್ತು ಉಂಡರೆ ಯಾರ ನಾಲಿಗೆಯಾದರೂ ಜಡ್ಡುಗಟ್ಟುತ್ತದೆ.

ಲೇಖನದಲ್ಲಿ ಹಡಗಿನೊಳಗೆ ಎಲ್ಲರೂ ಸಮಾನರು ಎಂಬ ಮಾತಿದೆ. ಬಹಳಷ್ಟು ಹಡಗುಗಳಲ್ಲಿ ಬಫೆಯ ಮಟ್ಟಿಗೆ ಅದು ನಿಜ. ಆದರೆ ಕ್ವೀನ್ ಮೇರಿ 2ರಂಥ ಹಡಗಿನಲ್ಲಿ ನೀವು ಎಲ್ಲಿ ಉಣ್ಣುತ್ತೀರಿ ಎಂಬುದನ್ನು ನಿಮ್ಮ ಕ್ಯಾಬಿನ್ ತೀರ್ಮಾನಿಸುತ್ತದೆ. ಅತಿ ದುಬಾರಿ ಸೂಟ್‌ಗಳವರಿಗೆ ಕ್ವೀನ್ಸ್ ಗ್ರಿಲ್, ಅದಕ್ಕಿಂತ ಕೆಳಗಿನವರಿಗೆ ಪ್ರಿನ್ಸೆಸ್ ಗ್ರಿಲ್, ಉಳಿದ ಬಹುಪಾಲು ಜನರಿಗೆ ಬ್ರಿಟಾನಿಯಾ ಎಂಬ ದೊಡ್ಡ ಭೋಜನಶಾಲೆ. ಈ ಕೊನೆಯದರಲ್ಲಿ ಒಂದೇ ಪಂಕ್ತಿಗೆ ಸಾವಿರಕ್ಕೂ ಹೆಚ್ಚು ಮಂದಿ ಕೂರಬಹುದು. ರಾತ್ರಿ ಎರಡು ಪಂಕ್ತಿ ನಡೆಯುತ್ತವೆ, ಆರು ಗಂಟೆಗೊಂದು, ಎಂಟೂವರೆಗೊಂದು. ಸಂಜೆ ಆರರ ನಂತರ ಚಡ್ಡಿ, ಚಪ್ಪಲಿಯಲ್ಲಿ ಒಳಗೆ ಬರುವಂತಿಲ್ಲ, ವಿಶೇಷ ಔತಣದ ಗಾಲಾ ರಾತ್ರಿಗಳಲ್ಲಂತೂ ಗಂಡಸರಿಗೆ ಟಕ್ಸೀಡೋ ಅಥವಾ ಗಾಢ ಬಣ್ಣದ ಸೂಟು ಬೇಕು. ನಮ್ಮ ಹೆಂಗಸರಿಗೆ ಈ ವಿಷಯದಲ್ಲಿ ಚಿಂತೆಯಿಲ್ಲ. ಒಂದು ಒಳ್ಳೆಯ ರೇಷ್ಮೆ ಸೀರೆ ಉಟ್ಟು ಬಂದವರ ಮುಂದೆ ಸಾವಿರ ಪೌಂಡಿನ ಗೌನುಗಳು ಮಂಕಾಗುವುದನ್ನು ನೋಡಿ ನಾನು ಒಳಗೊಳಗೇ ಹಿಗ್ಗಿದ್ದುಂಟು.

ದೀರ್ಘಯಾನದಲ್ಲಿ ಊಟಕ್ಕಿಂತ ಮುಖ್ಯವಾದದ್ದು ಊಟದ ಮೇಜು. ಪಂಕ್ತಿಯ ಪದ್ಧತಿಯಿರುವ ಹಡಗಿನಲ್ಲಿ ಮೊದಲ ರಾತ್ರಿ ಸಿಕ್ಕ ಮೇಜೇ ಕೊನೆಯವರೆಗೂ ನಿಮ್ಮದು. ಇಬ್ಬರೇ ಕೂರುವ ಮೇಜುಗಳು ಕಡಿಮೆ, ಆರು ಅಥವಾ ಎಂಟು ಮಂದಿಯ ಮೇಜುಗಳೇ ಹೆಚ್ಚು. ಅಂದರೆ ಪರಿಚಯವಿಲ್ಲದ ಆರು ಮಂದಿಯ ಮುಖವನ್ನು ನೂರು ರಾತ್ರಿ ನೋಡಬೇಕು, ಅವರ ಮೊಮ್ಮಕ್ಕಳ ಕಥೆಯನ್ನು, ಮೊಣಕಾಲಿನ ಶಸ್ತ್ರಚಿಕಿತ್ಸೆಯ ಕಥೆಯನ್ನು ಕೇಳಬೇಕು. ಕೆಲವು ಮೇಜುಗಳಲ್ಲಿ ಹುಟ್ಟಿದ ಗೆಳೆತನ ಜೀವನವಿಡೀ ಉಳಿಯುತ್ತದೆ, ಮರುವರ್ಷ ಅದೇ ಎಂಟು ಮಂದಿ ಮಾತಾಡಿಕೊಂಡು ಒಟ್ಟಿಗೆ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ಕೆಲವು ಮೇಜುಗಳಲ್ಲಿ ರಾಜಕೀಯದ ಒಂದು ಮಾತಿಗೆ ಮನಸ್ಸು ಮುರಿದು, ಮಾರನೆಯ ಬೆಳಿಗ್ಗೆ ಒಬ್ಬೊಬ್ಬರೇ ಡೈನಿಂಗ್ ರೂಮಿನ ಮುಖ್ಯಸ್ಥನಾದ ಮೇಟರ್ ಡಿ ಬಳಿಗೆ ಬಂದು, ಇನ್ನೊಬ್ಬರಿಗೆ ಗೊತ್ತಾಗದಂತೆ ತಮ್ಮನ್ನು ಬೇರೆ ಕಡೆ ಕೂರಿಸಿ ಎಂದು ಪಿಸುಗುಟ್ಟುತ್ತಾರೆ. ಯಾರಿಗೂ ನೋವಾಗದಂತೆ ಈ ಸ್ಥಳಾಂತರ ಮಾಡುವುದಕ್ಕೆ ನಾವು ಮುಂದಿನ ದೊಡ್ಡ ಬಂದರಿಗಾಗಿ ಕಾಯುತ್ತಿದ್ದೆವು. ಅಲ್ಲಿ ಹಳಬರು ಕೆಲವರು ಇಳಿದು ಹೊಸಬರು ಹತ್ತುವುದರಿಂದ ಇಡೀ ನಕ್ಷೆಯೇ ಬದಲಾಗುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಟಿಕೆಟ್ ಕಾದಿರಿಸುವಾಗಲೇ ಎಷ್ಟು ಮಂದಿಯ ಮೇಜು, ಯಾವ ಪಂಕ್ತಿ ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕೆಂದು ಹೇಳುವ ಒಂದೇ ಒಂದು ವಾಕ್ಯ ತಮ್ಮ ಲೇಖನದಲ್ಲಿ ಇದ್ದಿದ್ದರೆ ಓದುಗರಿಗೆ ಬಫೆಯ ಪಟ್ಟಿಗಿಂತ ಹೆಚ್ಚು ಉಪಯೋಗವಾಗುತ್ತಿತ್ತು.

ಕನ್ನಡದ ಓದುಗರಲ್ಲಿ ಹಲವರ ಮೊದಲ ಪ್ರಶ್ನೆ ಸಸ್ಯಾಹಾರದ್ದು, ಅದನ್ನು ಲೇಖಕರು ‘ಎಲ್ಲವೂ ಸಿಗುತ್ತದೆ’ ಎಂದು ಮುಗಿಸಿಬಿಟ್ಟಿದ್ದಾರೆ. 1888ರಲ್ಲಿ ಮುಂಬೈಯಿಂದ ಇಂಗ್ಲೆಂಡಿಗೆ ಹೊರಟ ಹದಿಹರೆಯದ ಮೋಹನದಾಸ ಗಾಂಧಿ, ಮುಳ್ಳುಚಮಚ ಬಳಸಲು ತಿಳಿಯದೆ, ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳಲು ನಾಚಿ, ಮನೆಯಿಂದ ತಂದ ಸಿಹಿತಿಂಡಿ ಮತ್ತು ಹಣ್ಣುಗಳಲ್ಲೇ ಕ್ಯಾಬಿನ್ನಿನೊಳಗೆ ದಿನ ದೂಡಿದ್ದರು. ಈಗ ಅಂಥ ಕಾಲವಲ್ಲ. ಭಾರತೀಯ ಸಸ್ಯಾಹಾರ, ಜೈನ ಆಹಾರ ಎಂದು ಟಿಕೆಟ್ ಕಾದಿರಿಸುವಾಗಲೇ ಬರೆಸಬಹುದು. ಹಡಗು ಹತ್ತಿದ ಮೇಲೆ ಹೆಡ್ ವೇಟರ್ ಪ್ರತಿ ರಾತ್ರಿ ಮರುದಿನದ ಮೆನುವನ್ನು ತಂದು ತೋರಿಸಿ, ಯಾವುದನ್ನು ಹೇಗೆ ಮಾಡಿಸಬೇಕೆಂದು ಕೇಳಿಕೊಂಡು ಹೋಗುತ್ತಾನೆ. ಆದರೆ ಹಡಗಿನ ಭಾರತೀಯ ಸಸ್ಯಾಹಾರವೆಂದರೆ ಪಾಲಕ್ ಪನೀರ್, ಕಡಲೆಯ ಮಸಾಲೆ, ಹಳದಿ ದಾಲ್, ಆಲೂ ಗೋಬಿ. ಇಷ್ಟೇ ನಾಲ್ಕೈದು ಪದಾರ್ಥಗಳು ಗಿರಕಿ ಹೊಡೆಯುತ್ತಿರುತ್ತವೆ.

ಒಂದು ಯಾನದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಅಮೆರಿಕದಲ್ಲಿ ಮಗನ ಮನೆಯಲ್ಲಿ ನೆಲೆಸಿದ್ದ ಮೈಸೂರು ಕಡೆಯ ವೃದ್ಧ ದಂಪತಿ ನನ್ನ ಪಾಲಿನ ಮೇಜಿನಲ್ಲಿದ್ದರು. ನನ್ನ ಎದೆಯ ಮೇಲಿನ ಬಿಲ್ಲೆಯಲ್ಲಿ ಊರಿನ ಹೆಸರು ಇರಲಿಲ್ಲ, ಬರಿಯ ‘ಇಂಡಿಯಾ’ ಎಂದಿತ್ತು. ನಾನು ಯಾರಿಗೋ ಕನ್ನಡದಲ್ಲಿ ಉತ್ತರಿಸಿದ್ದು ಆ ತಾಯಿಯ ಕಿವಿಗೆ ಬಿದ್ದು, “ಏನಪ್ಪಾ, ನಮ್ಮವನೇನಾ ನೀನು? ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ” ಎಂದು ಗದರಿಸಿದರು. ಆಮೇಲೆ ದನಿ ತಗ್ಗಿಸಿ, “ಹೊಟ್ಟೆ ತುಂಬತ್ತೆ ಕಣಪ್ಪ, ಊಟ ಮಾಡಿದ ಹಾಗೇ ಆಗಲ್ಲ. ಒಂದಿಷ್ಟು ಸಾರು ಅನ್ನ ಮಾಡಿಸೋಕೆ ಆಗತ್ತಾ?” ಎಂದರು. ಸಿಬ್ಬಂದಿಯ ಮೆಸ್ಸಿನಲ್ಲಿ ಭಾರತೀಯರಿಗಾಗಿ ಅನ್ನ, ದಾಲ್ ದಿನವೂ ಇರುತ್ತದೆ. ಅಲ್ಲಿಂದ ಒಂದು ಬಟ್ಟಲು ತಂದುಕೊಡೋಣವೆಂದರೆ ಅದು ನಿಷಿದ್ಧ, ಸಿಬ್ಬಂದಿಯ ಆಹಾರ ಪ್ರಯಾಣಿಕರ ಮೇಜಿಗೆ ಹೋಗುವಂತಿಲ್ಲ. ಎಕ್ಸಿಕ್ಯೂಟಿವ್ ಶೆಫ್‌ಗೆ ಚೀಟಿ ಬರೆದು ಒಪ್ಪಿಗೆ ಪಡೆದು, ಭಾರತೀಯ ಅಡುಗೆ ನೋಡಿಕೊಳ್ಳುತ್ತಿದ್ದ ಕುಕ್ ಬಳಿಗೆ ಹೋದೆ. ಅವನು ಉತ್ತರಾಖಂಡದ ಗಢವಾಲಿನವನು, ಸಾರು ಎಂದರೇನೆಂದು ಅವನಿಗೆ ಗೊತ್ತಿಲ್ಲ. ಗ್ಯಾಲಿ ಎಂಬ ಹಡಗಿನ ಅಡುಗೆಮನೆಯಲ್ಲಿ ಥಾಯ್ ಅಡುಗೆಗೆಂದು ಇಟ್ಟಿದ್ದ ಹುಣಸೆ ರಸವಿತ್ತು. ಕಾಳುಮೆಣಸು, ಜೀರಿಗೆ, ಟೊಮೆಟೊ, ತೊಗರಿಬೇಳೆಯ ಕಟ್ಟು ಸೇರಿಸಿ, ಕರಿಬೇವಿನ ಬದಲು ಕೊತ್ತಂಬರಿ ದಂಟು ಹಾಕಿ, ನಾನು ಪಕ್ಕದಲ್ಲಿ ನಿಂತು ಹೇಳಿದಂತೆ ಅವನು ಮಾಡಿದ. ಇಂಗು ಇರಲಿಲ್ಲ. ಆ ದಂಪತಿ ಬೆಳ್ಳಿಯ ಚಮಚವನ್ನು ಬದಿಗಿಟ್ಟು ಕೈಯಲ್ಲಿ ಕಲಸಿ ಉಂಡರು. ಪಕ್ಕದಲ್ಲಿ ಕೂತಿದ್ದ ಇಂಗ್ಲಿಷ್ ಮುದುಕಿ ಅದೇನೆಂದು ಕೇಳಿ, ಒಂದು ಕಪ್ ತರಿಸಿಕೊಂಡು ಕುಡಿದು, ಮಾರನೆಯ ದಿನದಿಂದ ತಮಗೂ ಬೇಕೆಂದರು. ಯಾನ ಮುಗಿಯುವವರೆಗೆ ವಾರಕ್ಕೆ ಎರಡು ದಿನ ಆ ಮೇಜಿಗೆ ‘ಮೈಸೂರು ಸೂಪ್’ ಹೋಗುತ್ತಿತ್ತು.

ಇಂಥ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲವೆಂದು ಕೆಲವರು ತಾವೇ ಏರ್ಪಾಡು ಮಾಡಿಕೊಂಡು ಬರುತ್ತಾರೆ. ಅವರಿಗೆ ಒಂದು ಎಚ್ಚರಿಕೆ. ರೈಸ್ ಕುಕ್ಕರ್, ವಿದ್ಯುತ್ ಒಲೆ, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಇವುಗಳನ್ನು ಬೆಂಕಿಯ ಭಯದಿಂದ ಹಡಗು ಹತ್ತುವಾಗಲೇ ತೆಗೆದಿರಿಸಿಕೊಳ್ಳುತ್ತಾರೆ. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ, ಅಲ್ಲಿಗೆ ಅಗ್ನಿಶಾಮಕ ವಾಹನ ಬರುವುದಿಲ್ಲ. ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆಗಳನ್ನೂ ಅನೇಕ ಕಂಪನಿಗಳು ಒಳಗೆ ಬಿಡುವುದಿಲ್ಲ. ಅಂಗಡಿಯ ಮೊಹರಿರುವ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲದಿರುವುದರಿಂದ ಚಟ್ನಿಪುಡಿ, ಉಪ್ಪಿನಕಾಯಿಯನ್ನು ಹಾಗೆಯೇ ತರುವುದು ಕ್ಷೇಮ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಇಳಿಯುವಾಗ ಇನ್ನೂ ಎಚ್ಚರ ಬೇಕು. ಬಫೆಯಿಂದ ಚೀಲಕ್ಕೆ ಹಾಕಿಕೊಂಡ ಒಂದು ಸೇಬನ್ನು ಹೇಳದೆ ದಡಕ್ಕೆ ಒಯ್ದರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ ಅಲ್ಲಿನ 400 ಡಾಲರ್ ದಂಡ ಬೀಳುತ್ತದೆ. ಬಂದರಿನಲ್ಲಿ ಮೂಸಿ ನೋಡಲು ನಾಯಿಗಳಿರುತ್ತವೆ, ಅವುಗಳ ಮುಂದೆ ವಯಸ್ಸಾದವರೆಂಬ ವಿನಾಯಿತಿ ನಡೆಯುವುದಿಲ್ಲ.

ಬಂದರುಗಳ ವಿಷಯವನ್ನು ಎಲ್ಲರೂ ಬರೆಯುತ್ತಾರೆ. ವಿಶ್ವಯಾನದ ಕಷ್ಟಸುಖ ಇರುವುದು ಬಂದರುಗಳ ನಡುವಿನ ಸೀ ಡೇಗಳಲ್ಲಿ. ಪೆಸಿಫಿಕ್ ದಾಟುವಾಗ ನಾಲ್ಕೈದು ದಿನ ಎಡೆಬಿಡದೆ ನೀರು, ಆಕಾಶ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಿಂದಿನ ರಾತ್ರಿಯೇ ಕ್ಯಾಬಿನ್ನಿಗೆ ತಲುಪುವ ದಿನಚರಿಯ ಪತ್ರದಲ್ಲಿ ಉಪನ್ಯಾಸ, ಬ್ರಿಜ್ ಆಟ, ಹೆಣಿಗೆ, ಬಾಲ್‌ರೂಮ್ ನೃತ್ಯದ ಪಾಠ ಎಂದು ಬೆಳಗಿನಿಂದ ರಾತ್ರಿಯವರೆಗೆ ತುಂಬಿಸಿರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹಡಗು ಎಲ್ಲಿದೆ, ತಳದಲ್ಲಿ ಸಮುದ್ರ ಎಷ್ಟು ಆಳವಿದೆ, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುವುದನ್ನು ಜನ ಊರಿನ ಸುದ್ದಿಯಂತೆ ಕಾದು ಕೇಳುತ್ತಾರೆ. ಮೂರೂವರೆಗೆ ಬಿಳಿ ಕೈಗವಸಿನ ವೇಟರುಗಳು ಚಹಾ, ಸ್ಕೋನ್, ಸೌತೆಕಾಯಿಯ ಸ್ಯಾಂಡ್‌ವಿಚ್ ಹಿಡಿದು ಸಾಲಾಗಿ ಬರುತ್ತಾರೆ. ಹಸಿವಿಲ್ಲದವರೂ ಅಲ್ಲಿಗೆ ಬರುವುದು ಹೊತ್ತು ಹೋಗಲಿ ಎಂದು. ನನ್ನ ಅಭಿಪ್ರಾಯದಲ್ಲಿ ಇಡೀ ಹಡಗಿನಲ್ಲಿ ಅತ್ಯಂತ ಜೀವಂತವಾದ ಜಾಗವೆಂದರೆ ಪ್ರಯಾಣಿಕರೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿ ಕೋಣೆ. ಕ್ವೀನ್ಸ್ ಗ್ರಿಲ್ಲಿನವರೂ ಬ್ರಿಟಾನಿಯಾದವರೂ ಯಂತ್ರ ಖಾಲಿಯಾಗುವುದನ್ನು ಒಟ್ಟಿಗೆ ಕಾಯುವ ಜಾಗ ಅದೊಂದೇ, ಹಡಗಿನ ಜಗಳಗಳೂ ಗಾಳಿಸುದ್ದಿಗಳೂ ಅಲ್ಲಿಯೇ ಹುಟ್ಟುತ್ತವೆ.

ಗಡಿಯಾರದ ಮಾತನ್ನಂತೂ ಲೇಖಕರು ಎತ್ತಿಯೇ ಇಲ್ಲ. ಪಶ್ಚಿಮಕ್ಕೆ ಸಾಗುವಾಗ ಕೆಲವು ದಿನಗಳಿಗೊಮ್ಮೆ ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಇದು ಎಲ್ಲರಿಗೂ, ಮುಖ್ಯವಾಗಿ ಸಿಬ್ಬಂದಿಗೆ, ಒಂದು ಗಂಟೆಯ ನಿದ್ದೆಯ ಉಡುಗೊರೆ. ಪೂರ್ವಕ್ಕೆ ಸಾಗುವಾಗ ಆ ಗಂಟೆಯನ್ನು ಕಿತ್ತುಕೊಳ್ಳುತ್ತಾರೆ. ಕೆಲವು ಹಡಗುಗಳಲ್ಲಿ ಮಧ್ಯಾಹ್ನ ಹನ್ನೆರಡನ್ನೇ ಒಂದು ಗಂಟೆಯೆಂದು ಘೋಷಿಸುವುದರಿಂದ, ಬೆಳಗಿನ ತಿಂಡಿ ಕರಗುವ ಮೊದಲೇ ಊಟದ ಹೊತ್ತಾಗಿರುತ್ತದೆ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಇದಕ್ಕೊಂದು ವೇಳಾಪಟ್ಟಿ ಮಾಡಿಕೊಳ್ಳಬೇಕು. ಪೆಸಿಫಿಕ್ಕಿನಲ್ಲಿ ಪಶ್ಚಿಮಕ್ಕೆ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದರೆ ಒಂದು ದಿನವೇ ಮಾಯ. ಆ ತಾರೀಖಿನಲ್ಲಿ ಹುಟ್ಟಿದವರಿಗೆ ನಾವು ಹಿಂದಿನ ರಾತ್ರಿಯೇ ಕೇಕ್ ಕತ್ತರಿಸಿ ಮುಗಿಸುತ್ತಿದ್ದೆವು.

ಸಮುದ್ರ ಕೆರಳಿದ ದಿನ ಡೈನಿಂಗ್ ರೂಮಿನ ಅರ್ಧ ಕುರ್ಚಿಗಳು ಖಾಲಿ. ಬಂದವರ ತಟ್ಟೆ ಜಾರದಿರಲೆಂದು ಮೇಜಿನ ಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡುವುದು ಹಳೆಯ ಉಪಾಯ. ಆ ದಿನ ನಾವು ತಟ್ಟೆಗಳನ್ನು ಎತ್ತರಕ್ಕೆ ಪೇರಿಸುತ್ತಿರಲಿಲ್ಲ, ಸೂಪನ್ನು ಅರ್ಧ ಬಟ್ಟಲಿಗಿಂತ ಹೆಚ್ಚು ಬಡಿಸುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ಹಸಿರು ಸೇಬು, ಉಪ್ಪು ಬಿಸ್ಕತ್ತು, ಶುಂಠಿ ಕಳಿಸುತ್ತಿದ್ದೆವು.

ಇನ್ನು ‘ಆಹಾರವನ್ನು ಕಣ್ಣೆದುರೇ ಕಸಕ್ಕೆ ಸುರಿಯುವುದನ್ನು ನೋಡಿ ಬೇಸರವಾಯಿತು’ ಎಂದು ಲೇಖಕರು ಬರೆದಿದ್ದಾರೆ. ಬೇಸರ ನ್ಯಾಯವಾದದ್ದೇ, ಆದರೆ ಕಾರಣವನ್ನೂ ತಿಳಿದುಕೊಳ್ಳಬೇಕಿತ್ತು. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳ ಅಡುಗೆಮನೆಯನ್ನು ಅಲ್ಲಿನ ರೋಗನಿಯಂತ್ರಣ ಕೇಂದ್ರದವರು 1975ರಿಂದ ನಡೆಸಿಕೊಂಡು ಬಂದಿರುವ ಕಾರ್ಯಕ್ರಮದಡಿ ಮುನ್ಸೂಚನೆಯಿಲ್ಲದೆ ಬಂದು ತಪಾಸಣೆ ಮಾಡುತ್ತಾರೆ. ನೂರಕ್ಕೆ 86 ಅಂಕ ಬಂದರೆ ಪಾಸು, ಒಂದು ಅಂಕ ಕಡಿಮೆಯಾದರೂ ಫೇಲು, ಫಲಿತಾಂಶವನ್ನು ಜಗತ್ತಿಗೆಲ್ಲ ಕಾಣುವಂತೆ ಪ್ರಕಟಿಸುತ್ತಾರೆ. ಬಿಸಿ ಆಹಾರ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿ ದಾಟಬಾರದು. ಆ ಹದವಿಲ್ಲದೆ ಸಮಯದ ಲೆಕ್ಕದ ಮೇಲೆ ಹೊರಗಿಟ್ಟ ಪದಾರ್ಥವನ್ನು ನಾಲ್ಕು ಗಂಟೆಯೊಳಗೆ ಉಣ್ಣಬೇಕು, ಇಲ್ಲವೇ ಚೆಲ್ಲಬೇಕು. ಚೆನ್ನಾಗಿಯೇ ಇದೆಯಲ್ಲ, ಬಡವರಿಗಾದರೂ ಕೊಡಬಾರದೇ ಎಂದು ಕೇಳುವವರಿದ್ದಾರೆ. ಒಂದು ದೇಶದ ಹಡಗಿನಲ್ಲಿ ಉಳಿದ ಅಡುಗೆಯನ್ನು ಇನ್ನೊಂದು ದೇಶದ ದಡಕ್ಕೆ ಇಳಿಸಲು ಬಹಳಷ್ಟು ಬಂದರುಗಳ ಕಾನೂನುಗಳು ಬಿಡುವುದಿಲ್ಲ. ನೋರೋವೈರಸ್ ಒಬ್ಬರಿಗೆ ತಗುಲಿದರೆ ಎರಡು ದಿನದಲ್ಲಿ ಡೆಕ್ಕಿಗೆ ಡೆಕ್ಕೇ ವಾಂತಿಭೇದಿಯಿಂದ ಮಲಗುತ್ತದೆ. ಬಾಗಿಲಲ್ಲಿ ಇಟ್ಟಿರುವ ಆಲ್ಕೊಹಾಲ್ ದ್ರವ ಆ ವೈರಸ್ಸಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರಿನಲ್ಲಿ ಕೈ ತೊಳೆಯುವುದೇ ಮದ್ದು. ಊಟಕ್ಕೆ ಮೊದಲು ಕೈ ತೊಳೆಯುವ ನಮ್ಮ ಅಭ್ಯಾಸವನ್ನು ಹಡಗಿನಲ್ಲಿ ಬಿಡದಿರುವುದು ಒಳ್ಳೆಯದು.

ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ನಿಯಮವಿದೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಂತೆ ಅಡುಗೆಯ ತ್ಯಾಜ್ಯವನ್ನು 25 ಮಿಲಿಮೀಟರ್ ಜಾಲರಿಯಲ್ಲಿ ಇಳಿಯುವಷ್ಟು ಸಣ್ಣಗೆ ಅರೆದರೆ ದಡದಿಂದ 3 ನಾಟಿಕಲ್ ಮೈಲಿಯಾಚೆ, ಅರೆಯದಿದ್ದರೆ 12 ಮೈಲಿಯಾಚೆ ಬಿಡಬಹುದು. ಕೆಲವು ಕಡಲುಗಳಲ್ಲಿ ನಿಯಮ ಇನ್ನೂ ಬಿಗಿ. ಪ್ಲಾಸ್ಟಿಕ್ಕನ್ನು ಮಾತ್ರ ಎಲ್ಲಿಯೂ ಬಿಡುವಂತಿಲ್ಲ. ನಿಯಮ ಇದ್ದ ಮಾತ್ರಕ್ಕೆ ಪಾಲನೆಯಾಗುತ್ತದೆಂದು ನಾನು ಹೇಳುತ್ತಿಲ್ಲ: ಎಣ್ಣೆಯ ತ್ಯಾಜ್ಯವನ್ನು ಕದ್ದು ಸಮುದ್ರಕ್ಕೆ ಬಿಟ್ಟದ್ದಕ್ಕೆ ಪ್ರಿನ್ಸೆಸ್ ಕ್ರೂಸಸ್ ಕಂಪನಿ 2016ರಲ್ಲಿ 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ಅದರ ಮಾತೃಸಂಸ್ಥೆಯಾದ ಕಾರ್ನಿವಲ್, ಆಹಾರ ತ್ಯಾಜ್ಯದ ಜೊತೆ ಪ್ಲಾಸ್ಟಿಕ್ ಬೆರೆಸಿ ಬಹಾಮಾಸ್ ಬಳಿ ಬಿಟ್ಟದ್ದೂ ಸೇರಿದಂತೆ ಹಲವು ಉಲ್ಲಂಘನೆಗಳನ್ನು 2019ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು ಮತ್ತೆ 2 ಕೋಟಿ ಡಾಲರ್ ತೆರಬೇಕಾಯಿತು. ಪ್ರಯಾಣಿಕರ ಕೈಯಲ್ಲಿರುವ ಉಪಾಯ ಸಣ್ಣದು, ಆದರೆ ಅದರಿಂದ ನಿಜವಾಗಿ ಉಪಯೋಗವಿದೆ: ಬಫೆಯಲ್ಲಿ ರಾಶಿ ಹಾಕಿಕೊಳ್ಳದೆ ಡೈನಿಂಗ್ ರೂಮಿನಲ್ಲಿ ಅರ್ಧ ಪಾಲು ಕೇಳಿದರೆ, ಯಾರು ಏನು ಎಷ್ಟು ಉಣ್ಣುತ್ತಾರೆಂಬ ಲೆಕ್ಕ ಗ್ಯಾಲಿಗೆ ತಲುಪಿ ಮರುದಿನದ ಅಡುಗೆಯೇ ಕಡಿಮೆಯಾಗುತ್ತದೆ.

ಲೇಖನದ ಜೊತೆಗಿದ್ದ ಚಿತ್ರದಲ್ಲಿ ನಗುಮುಖದ ವೇಟರೊಬ್ಬನನ್ನು ತೋರಿಸಿ ‘ಸದಾ ಹಸನ್ಮುಖಿ ಸಿಬ್ಬಂದಿ’ ಎಂದು ಬರೆಯಲಾಗಿದೆ. ಬೆಳಗಿನ ತಿಂಡಿಗೆ ಆರೂವರೆಗೆ ನಿಂತರೆ ಹತ್ತರವರೆಗೆ, ಮತ್ತೆ ಹನ್ನೊಂದೂವರೆಯಿಂದ ಎರಡೂವರೆ, ಮತ್ತೆ ಸಂಜೆ ಐದೂವರೆಯಿಂದ ಎರಡನೇ ಪಂಕ್ತಿ ಎದ್ದು ಮರುದಿನದ ಮೇಜು ಹಾಕಿ ಮುಗಿಸುವವರೆಗೆ, ಅಂದರೆ ಹನ್ನೊಂದರ ತನಕ. ವಾರದ ರಜೆ ಎಂಬುದಿಲ್ಲ. 2013ರಲ್ಲಿ ಜಾರಿಗೆ ಬಂದ, ಭಾರತವು 2015ರಲ್ಲಿ ಅಂಗೀಕರಿಸಿದ ನಾವಿಕ ಕಾರ್ಮಿಕರ ಒಪ್ಪಂದವು ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆನ್ನುತ್ತದೆ. ದಿನದ ವಿಶ್ರಾಂತಿಯನ್ನು ಎರಡೇ ತುಂಡು ಮಾಡಬಹುದು, ಅದರಲ್ಲಿ ಒಂದು 6 ಗಂಟೆಗೆ ಕಡಿಮೆ ಇರಬಾರದು. ನಾನು ದುಡಿದ ಹಡಗೊಂದರಲ್ಲಿ ಈ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇರುತ್ತಿತ್ತು. ಕೆಲಸ ಮುಗಿದಿದೆಯೆಂದು ಯಂತ್ರದಲ್ಲಿ ಕಾರ್ಡು ಒತ್ತಿ ಬಂದು ಮತ್ತೆ ಬೆಳ್ಳಿ ಸಾಮಾನು ಒರೆಸಲು ನಿಲ್ಲುತ್ತಿದ್ದೆವು. ಒಬ್ಬ ಪ್ರಯಾಣಿಕರು ಕೊನೆಯ ಕಾಫಿ ಮುಗಿಸದೆ ಹತ್ತೂಮುಕ್ಕಾಲಿನವರೆಗೆ ಹರಟುತ್ತ ಕುಳಿತರೆ ಆ ಮೇಜಿನ ಇಬ್ಬರು ವೇಟರುಗಳ ನಿದ್ದೆಯಿಂದ ಅಷ್ಟು ಕಡಿತವಾಗುತ್ತದೆ. ದೀರ್ಘಯಾನದ ಪ್ರಯಾಣಿಕರಿಗೆ ಇದು ಬೇಗ ಅರ್ಥವಾಗುತ್ತದೆ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು. ಎರಡನೇ ತಿಂಗಳಿಗೆ ನಮ್ಮ ಮಕ್ಕಳ ಹೆಸರು, ಪರೀಕ್ಷೆಯ ಫಲಿತಾಂಶ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು, ಹತ್ತು ಗಂಟೆ ಬಾರಿಸಿದರೆ ತಾವಾಗಿ ಎದ್ದು, “ಹೋಗಿ ಮಲಗಿ” ಎನ್ನುತ್ತಿದ್ದರು.

‘ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ’ ಎಂಬ ಮಾತೂ ತಿದ್ದುಪಡಿ ಬೇಡುತ್ತದೆ. ಅನೇಕ ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ ಹದಿನೈದರಿಂದ ಇಪ್ಪತ್ತು ಡಾಲರ್ ಸೇವಾ ಶುಲ್ಕವನ್ನು ಖಾತೆಗೆ ತಾವಾಗಿಯೇ ಸೇರಿಸುತ್ತವೆ. ಏಳು ದಿನಕ್ಕೆ ಅದು ಗಮನಕ್ಕೆ ಬಾರದಿರಬಹುದು, ನೂರು ದಿನದ ಯಾನದಲ್ಲಿ ದಂಪತಿಗೆ ಮೂರು ನಾಲ್ಕು ಸಾವಿರ ಡಾಲರ್ ಆಗುತ್ತದೆ. ಕೆಲವು ಕಂಪನಿಗಳು ವಿಶ್ವಯಾನಕ್ಕೆ ಮಾತ್ರ ಇದನ್ನು ದರದಲ್ಲೇ ಸೇರಿಸುವುದುಂಟು, ಕೇಳಿ ತಿಳಿಯಬೇಕು. ಮದ್ಯ, ಸೋಡಾ, ವಿಶೇಷ ರೆಸ್ಟೋರೆಂಟು, ಇಂಟರ್ನೆಟ್ಟು, ಹಡಗಿನ ವೈದ್ಯರ ಶುಲ್ಕ ಇವೆಲ್ಲ ಬೇರೆ. ಹಣ ಉಳಿಸಲೆಂದು ಕೆಲವು ಭಾರತೀಯರು ಸ್ವಾಗತ ಕಚೇರಿಗೆ ಹೋಗಿ ಸೇವಾ ಶುಲ್ಕವನ್ನು ತೆಗೆಸಿಹಾಕುವುದನ್ನು ನೋಡಿದ್ದೇನೆ. ಬಡಿಸುವವನ ಸಂಬಳದ ಬಹುಪಾಲು ಆ ಶುಲ್ಕದಿಂದಲೇ ಬರುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ತಮ್ಮ ಲೇಖನವೂ ಹೇಳಿಲ್ಲ.

ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಇಂಥ ಹಡಗುಗಳು ಬಂದಾಗ ಪ್ರಯಾಣಿಕರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ನೋಡಿ ಸಂಜೆಗೆ ಮರಳುವ ಚಿತ್ರಗಳನ್ನು ತಮ್ಮ ಪತ್ರಿಕೆಯೂ ಪ್ರಕಟಿಸುತ್ತದೆ. ಮುಂದಿನ ಬಾರಿ ಹಾಗೆ ಬಂದ ದೀರ್ಘಯಾನದ ಹಡಗೊಂದಕ್ಕೆ ತಮ್ಮ ವರದಿಗಾರರನ್ನು ಕಳಿಸಿ, ಇಡೀ ಸುತ್ತು ಹಾಕುತ್ತಿರುವ ಒಬ್ಬಿಬ್ಬರು ಪ್ರಯಾಣಿಕರನ್ನು, ಅವರಿಗೆ ಬಡಿಸುವ ಕರಾವಳಿಯ ಹುಡುಗರನ್ನು ಮಾತನಾಡಿಸಿ ಬರೆಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ, ವಿಶ್ವಯಾನಕ್ಕೆ ಹಣ ಕಟ್ಟಲು ಯೋಚಿಸುತ್ತಿರುವ ಓದುಗರು ಮೊದಲು ಸೌಥಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ಏಳು ರಾತ್ರಿಯ ಯಾನದಂಥ, ನಡುವೆ ಒಂದೂ ಬಂದರಿಲ್ಲದ ಪ್ರಯಾಣವನ್ನು ಮಾಡಿ ನೋಡುವುದು ಲೇಸು. ಅದು ಹಿಡಿಸಿದರೆ ನೂರು ದಿನವೂ ಹಿಡಿಸುತ್ತದೆ. ಹೊರಡುವಾಗ ಇಂಗಿನ ಒಂದು ಮೊಹರಿನ ಡಬ್ಬಿ ಜೊತೆಗಿರಲಿ, ಯಾವ ಗ್ಯಾಲಿಯಲ್ಲೂ ನನಗದು ಸಿಕ್ಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹೆಡ್ ವೇಟರ್, ಮೂಲ್ಕಿ